ಬೆಳೆಯುವ ಮಗುವಿನ ಕಥೆ: ಪದ ಕಲಿಸುವುದು ಎಲ್ಲಿ, ಅರ್ಥ ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಹುಡುಗನೊಬ್ಬ ಮೊದಲ ಬಾರಿಗೆ ಮನೆಯ ಹೊಣೆ ಹೊರುವ ಕಥೆಯನ್ನು ಎರಡು ವಾರ ಪಾಠ ಮಾಡಿದೆ. ಕಠಿಣ ಪದಗಳ ಅರ್ಥ ಬರೆಯಿಸಿದೆ, ಮಕ್ಕಳು ಬಾಯಿಪಾಠ ಒಪ್ಪಿಸಿದರು. ಆದರೆ ‘ಕೊನೆಯಲ್ಲಿ ಹುಡುಗ ಏಕೆ ಮಾತನಾಡಲಿಲ್ಲ?’ ಎಂದು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಪದಗಳೆಲ್ಲ ಗೊತ್ತಿದ್ದೂ ಕಥೆ ಏಕೆ ತಿಳಿಯುವುದಿಲ್ಲ?

ಉತ್ತರ: ಮಕ್ಕಳನ್ನು ದೂರಬೇಡಿ, ನಿಮ್ಮ ಶ್ರಮವನ್ನೂ ಹಳಿದುಕೊಳ್ಳಬೇಡಿ. ನೀವು ಕಲಿಸಿದ ಪದಗಳು ಒಂದು ಕಡೆ ಇದ್ದವು, ಕಥೆಯ ಅರ್ಥ ಬೇರೊಂದು ಕಡೆ ಇತ್ತು. ಬಾಲ್ಯ ದಾಟುವ ಮಗುವಿನ ಕಥೆಗಳಲ್ಲಿ ಹೀಗಾಗುವುದು ಹೆಚ್ಚು, ಏಕೆಂದರೆ ಅಲ್ಲಿ ನಡೆಯುವ ಮುಖ್ಯ ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಹುಲಿ ಬಂದರೆ, ಕಳ್ಳ ಸಿಕ್ಕಿಬಿದ್ದರೆ ಕಥೆಗಾರ ಅದನ್ನು ಹೇಳಿಯೇ ಹೇಳುತ್ತಾನೆ. ಮಗುವಿನ ಮನಸ್ಸು ಬಲಿತದ್ದನ್ನು ಮಾತ್ರ ಒಳ್ಳೆಯ ಕಥೆಗಾರ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಆ ಮಗು ಆಡುವ ಮತ್ತು ಆಡದೆ ಉಳಿಸಿಕೊಳ್ಳುವ ಸಾದಾ ಮಾತುಗಳಲ್ಲಿ ಇಟ್ಟಿರುತ್ತಾನೆ. ಆ ಸಾದಾ ಮಾತುಗಳು ನಮ್ಮ ಪದಪಟ್ಟಿಗೆ ಸೇರುವುದೇ ಇಲ್ಲ.

ನೀವು ಪಾಠ ಮಾಡಿದ ಕಥೆ ಯಾವುದೆಂದು ಬರೆದಿಲ್ಲವಾದ್ದರಿಂದ, ಶಿಕ್ಷಕರ ತರಬೇತಿಗೆಂದು ನಾನೇ ಬರೆದು ಹಲವು ತರಗತಿಗಳಲ್ಲಿ ಓದಿಸಿದ ಒಂದು ಪುಟ್ಟ ಭಾಗವನ್ನು ಇಲ್ಲಿ ಕೊಡುತ್ತೇನೆ. ಮುಂದಿನ ಮಾತೆಲ್ಲವೂ ಇದನ್ನೇ ಹಿಡಿದು ನಡೆಯುತ್ತದೆ.

‘ಅಪ್ಪನ ಜ್ವರ ಇಳಿದಿರಲಿಲ್ಲ. “ದೊಡ್ಡವನಾಗಿದ್ದೀಯ, ಮಾವನ ಜೊತೆ ನೀನೇ ಹೋಗಿ ಬಾ” ಎಂದು ಅವ್ವ ಬುತ್ತಿ ಕಟ್ಟಿಕೊಟ್ಟಳು. ಬಸವ ಹಿಗ್ಗಿದ. ತಾನೇ ಸಾಕಿದ ಹೋರಿಗರುವಿನ ಹಗ್ಗ ಹಿಡಿದು ದನದ ಸಂತೆಗೆ ನಡೆದ. ಸಂತೆಯಲ್ಲಿ ಮುದುಕ ರೈತನೊಬ್ಬ ಕರುವಿನ ಹಲ್ಲು ನೋಡಿದ, ಗೊರಸು ನೋಡಿದ. ದಲ್ಲಾಳಿ ಬಸವನ ಕೈಮೇಲೆ ವಲ್ಲಿ ಹಾಕಿ ಒಳಗಿನಿಂದ ಬೆರಳು ಹಿಡಿದ. ಬಸವ ಮಾವನ ಮುಖ ನೋಡಿದ. ಮಾವ ಬೇರೆ ಕಡೆ ನೋಡುತ್ತಿದ್ದ. “ಇಲ್ಲ” ಎಂದ ಬಸವ. ದಲ್ಲಾಳಿ ಇನ್ನೊಂದು ಬೆರಳು ಕೂಡಿಸಿದ. ಮುದುಕ ತಾನು ತಂದ ಹೊಸ ಹಗ್ಗವನ್ನು ಕರುವಿಗೆ ಕಟ್ಟಿ, ಹಳೆಯದನ್ನು ಬಿಚ್ಚಿ ಬಸವನ ಕೈಗಿಟ್ಟ. ಸಂಜೆ ಮನೆಗೆ ಬಂದಾಗ ಅವ್ವ “ಎಷ್ಟು ಬಂತು, ದೊಡ್ಡವನೇ?” ಎಂದಳು. ಬಸವ ದುಡ್ಡನ್ನು ಅಪ್ಪನ ತಲೆದಿಂಬಿನ ಬಳಿ ಇಟ್ಟ. ಹಗ್ಗವನ್ನು ಕೊಟ್ಟಿಗೆಯ ಗೂಟಕ್ಕೆ ಸುತ್ತಿದ. ಉಣ್ಣಲು ಕರೆದರೆ “ಹಸಿವಿಲ್ಲ” ಎಂದ. ಬುತ್ತಿಯ ಗಂಟು ಬಿಚ್ಚಿರಲಿಲ್ಲ.’

ಇದನ್ನು ಕೊಟ್ಟು ಕಠಿಣ ಪದಗಳನ್ನು ಆರಿಸಿರೆಂದರೆ ಹೆಚ್ಚಿನ ಶಿಕ್ಷಕರು ದಲ್ಲಾಳಿ, ಗೊರಸು, ವಲ್ಲಿ ಇವುಗಳಿಗೆ ಗೆರೆ ಎಳೆಯುತ್ತಾರೆ. ‘ಗೊರಸು ಎಂದರೆ ಖುರ’ ಎಂದು ಬರೆಯಿಸುತ್ತಾರೆ. ಗೊರಸನ್ನು ದಿನವೂ ಕೊಟ್ಟಿಗೆಯಲ್ಲಿ ನೋಡುವ ಮಗುವಿಗೆ ಖುರ ಎಂಬ ಮಾತು ಹೊಸ ತೊಡಕು. ನೋಡದ ಮಗುವಿಗೆ ಎರಡೂ ಒಂದೇ ಕತ್ತಲು. ಅದಕ್ಕೆ ಬೇಕಾದದ್ದು ಒಂದು ಚಿತ್ರ, ಅರ್ಧ ನಿಮಿಷದ ಕೆಲಸ. ವಸ್ತುವಿನ ಹೆಸರುಗಳನ್ನು ಹೀಗೆ ಬೇಗ ಮುಗಿಸಿ, ಉಳಿದ ಸಮಯವನ್ನೆಲ್ಲ ‘ದೊಡ್ಡವನು’ ಎಂಬ ಪದಕ್ಕೆ ಕೊಡಿ ಎಂಬುದು ನನ್ನ ಸಲಹೆ. ಎರಡನೆಯ ತರಗತಿಯ ಮಗುವಿಗೂ ಗೊತ್ತಿರುವ ಪದವನ್ನು ಕಲಿಸುವುದೇನು ಎಂದು ನಿಮಗೆ ಅನ್ನಿಸಬಹುದು. ಬೆಳಗ್ಗೆ ಅವ್ವ ಅದನ್ನು ಆಡಿದಾಗ ಹುಡುಗ ಹಿಗ್ಗಿದ. ಸಂಜೆ ಅದೇ ಅವ್ವ ಅದೇ ಪದದಿಂದ ಕರೆದಾಗ ಅವನಿಂದ ಉತ್ತರವೇ ಹೊರಡಲಿಲ್ಲ. ಪದ ಬದಲಾಗಲಿಲ್ಲ, ಅದರ ತೂಕ ಬದಲಾಯಿತು. ಇಂಥ ಕಥೆಯಲ್ಲಿ ಪದಸಂಪತ್ತು ಮತ್ತು ಓದಿನ ಗ್ರಹಿಕೆ ಎಂಬ ಎರಡು ಪಾಠಗಳು ಒಂದಾಗುವುದು ಇಲ್ಲಿಯೇ.

ತರಗತಿಯಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಪದ ಎರಡು ಸಲ ಬಂದಿರುವ ಜಾಗಗಳಿಗೆ ಮಕ್ಕಳಿಂದಲೇ ಗೆರೆ ಎಳೆಸಿ. ಎರಡೂ ವಾಕ್ಯಗಳನ್ನು ಅವ್ವನ ದನಿಯಲ್ಲಿ ಓದಲು ಇಬ್ಬರು ಮಕ್ಕಳಿಗೆ ಹೇಳಿ. ಅನಂತರ ಬಸವನಾಗಿ ಕೂತ ಮಗುವನ್ನು ‘ಈಗ ನಿನಗೆ ಈ ಮಾತು ಕೇಳಿ ಹೇಗಾಯಿತು?’ ಎಂದು ಕೇಳಿ. ನಾನು ಮೊದಲು ಇದನ್ನು ಮಾಡಿಸಿದಾಗ ಬಸವನ ಪಾತ್ರ ವಹಿಸಿದ ಹುಡುಗಿ ಬೆಳಗಿನ ಮಾತಿಗೆ ಬೆನ್ನು ನೆಟ್ಟಗೆ ಮಾಡಿ ಕೂತಳು, ಸಂಜೆಯ ಮಾತಿಗೆ ತಲೆ ತಗ್ಗಿಸಿದಳು. ಏಕೆ ತಗ್ಗಿಸಿದೆ ಎಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ. ಗ್ರಹಿಕೆ ಅವಳಲ್ಲಿ ಆಗಲೇ ಇತ್ತು, ಅದನ್ನು ಹೇಳುವ ಪದ ಇರಲಿಲ್ಲ. ಆ ಗಳಿಗೆಯಲ್ಲಿ ಕೊಟ್ಟ ಪದ ಮರೆತುಹೋಗುವುದಿಲ್ಲ.

ಯಾವ ಪದ ಕೊಡಬೇಕು? ಅಮೆರಿಕದ ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕೌನ್ ಎಂಬ ಸಂಶೋಧಕಿಯರು ಪದಗಳನ್ನು ಮೂರು ಸ್ತರಗಳಲ್ಲಿ ನೋಡಬೇಕೆನ್ನುತ್ತಾರೆ. ನೀರು, ಮನೆ, ಓಡು ಇಂಥ ದಿನಬಳಕೆಯವು ಮೊದಲನೆಯ ಸ್ತರ. ದ್ಯುತಿಸಂಶ್ಲೇಷಣೆಯಂತೆ ಒಂದೇ ವಿಷಯಕ್ಕೆ ಸೇರಿದವು ಮೂರನೆಯದು. ಇವೆರಡರ ನಡುವೆ, ಯಾವ ಓದಿನಲ್ಲಾದರೂ ಎದುರಾಗುವ, ಮಾತಿಗೆ ಮೊನೆ ಕೊಡುವ ಪದಗಳು ಎರಡನೆಯದು. ಶಾಲೆ ಹೆಚ್ಚು ಶ್ರಮ ಹಾಕಬೇಕಾದದ್ದು ಈ ನಡುವಿನ ಸ್ತರಕ್ಕೆ. ಕನ್ನಡಕ್ಕೆ ಇದನ್ನು ತರುವಾಗ ಒಂದು ಎಚ್ಚರ ಬೇಕು. ನಡುವಿನ ಸ್ತರವೆಂದರೆ ಸಂಸ್ಕೃತದಿಂದ ಬಂದ ಪದಗಳೆಂದು ನಾವು ತಿಳಿದುಬಿಡುತ್ತೇವೆ. ನಮ್ಮಲ್ಲಿ ಮನಸ್ಸಿನ ಏರಿಳಿತವನ್ನು ಹೇಳುವ ಹರಿತವಾದ ಮಾತುಗಳು ಬಹುಪಾಲು ದೇಶ್ಯ ಕ್ರಿಯಾಪದಗಳೇ ಆಗಿವೆ: ಹಿಗ್ಗು, ಕುಗ್ಗು, ಅಳುಕು, ಹಿಂಜರಿ, ಮುನಿ, ಬೀಗು, ಮುದುಡು, ಅರಳು.

‘ಹಿಗ್ಗಿದ’ ಎಂಬುದನ್ನೇ ನೋಡಿ. ‘ಹಿಗ್ಗು ಎಂದರೆ ಸಂತೋಷ’ ಎಂದು ಬರೆಯಿಸಿದರೆ ಕಥೆಯ ಅರ್ಧ ಜೀವ ಅಲ್ಲೇ ಹೋಯಿತು. ಹಳೆಯ ಬನಿಯನ್ನಿನ ಕುತ್ತಿಗೆ ಹಿಗ್ಗುತ್ತದೆ, ನೀರಿನಲ್ಲಿ ನೆನೆದ ಮರ ಹಿಗ್ಗುತ್ತದೆ. ಮೈಯಲ್ಲಿ ಹಿಡಿಸಲಾರದಷ್ಟು ಆಗುವುದೇ ಹಿಗ್ಗು. ಒಂದು ರಬ್ಬರ್ ಬ್ಯಾಂಡನ್ನು ಮಕ್ಕಳ ಕೈಗೆ ಕೊಟ್ಟು ಹಿಗ್ಗಿಸಲು ಹೇಳಿ, ಬಿಟ್ಟಾಗ ಏನಾಯಿತೆಂದು ಕೇಳಿ. ಕುಗ್ಗಿತು ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ. ಸಂಜೆಯ ಬಸವನಿಗೆ ಬೇಕಿದ್ದ ಪದ ಅದೇ. ಕಥೆ ಅದನ್ನು ಎಲ್ಲಿಯೂ ಬಳಸಿಲ್ಲ, ಮಕ್ಕಳು ತಾವೇ ತಂದು ಅಲ್ಲಿ ಇಡುತ್ತಾರೆ. ಆಮೇಲೆ ಬೀಗಿದ ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಬೀಗುವವನು ಇತರರ ಮುಂದೆ ಬೀಗುತ್ತಾನೆ, ಅದರಲ್ಲಿ ಸ್ವಲ್ಪ ಜಂಬ ಇದೆ. ಹಿಗ್ಗಿಗೆ ನೋಡುವವರು ಬೇಕಿಲ್ಲ. ಈ ವ್ಯತ್ಯಾಸವನ್ನು ಒಮ್ಮೆ ಅನುಭವಿಸಿದ ಮಗು ಮುಂದೆ ಯಾವ ಪುಸ್ತಕದಲ್ಲಾದರೂ ಈ ಎರಡು ಪದಗಳನ್ನು ಬೇರೆಬೇರೆಯಾಗಿ ಓದುತ್ತದೆ. ಅಳುಕು, ಅಂಜಿಕೆ, ಗಾಬರಿ, ದಿಗಿಲು ಇವುಗಳನ್ನು ಚೀಟಿಯಲ್ಲಿ ಬರೆದು, ದಲ್ಲಾಳಿ ಬೆರಳು ಹಿಡಿದಾಗ ಬಸವನಿಗೆ ಆದದ್ದು ಯಾವುದು ಎಂದು ಗುಂಪುಗಳಲ್ಲಿ ಚರ್ಚಿಸಲು ಬಿಡಿ. ಹೆಚ್ಚಿನ ಗುಂಪುಗಳು ಅಳುಕನ್ನು ಆರಿಸುತ್ತವೆ, ಒಂದಾದರೂ ಗುಂಪು ದಿಗಿಲು ಎಂದು ಪಟ್ಟು ಹಿಡಿಯುತ್ತದೆ. ಆ ವಾದವನ್ನು ನಿಲ್ಲಿಸಬೇಡಿ, ‘ಕಥೆಯ ಯಾವ ಸಾಲು ನೋಡಿ ಹೇಳುತ್ತೀರಿ?’ ಎಂದಷ್ಟೇ ಕೇಳುತ್ತಿರಿ.

ಇನ್ನು ವ್ಯಾಕರಣ. ಕೊನೆಯ ವಾಕ್ಯದಲ್ಲಿ ‘ಬಿಚ್ಚಲಿಲ್ಲ’ ಎಂದಿಲ್ಲ, ‘ಬಿಚ್ಚಿರಲಿಲ್ಲ’ ಎಂದಿದೆ. ಬಿಚ್ಚಲಿಲ್ಲ ಎಂದರೆ ಆಗ, ಆ ಹೊತ್ತಿಗೆ ಬಿಚ್ಚಲಿಲ್ಲ. ಬಿಚ್ಚಿರಲಿಲ್ಲ ಎಂದರೆ ಬೆಳಗಿನಿಂದ ಅಲ್ಲಿಯವರೆಗೂ ಗಂಟು ಹಾಗೆಯೇ ಇತ್ತು, ಅಂದರೆ ಹುಡುಗ ದಿನವಿಡೀ ಉಂಡಿಲ್ಲ, ಅಂದರೆ ‘ಹಸಿವಿಲ್ಲ’ ಎಂಬ ಮಾತು ನಿಜವಾಗಿ ಹಸಿವಿನ ಮಾತಲ್ಲ. ಇಷ್ಟು ದೊಡ್ಡ ಸಂಗತಿ ಒಂದು ‘ಇರು’ ಧಾತುವಿನ ಮೇಲೆ ನಿಂತಿದೆ. ಕಾಲರೂಪಗಳನ್ನು ಪ್ರತ್ಯೇಕವಾಗಿ ಕೋಷ್ಟಕ ಮಾಡಿ ಕಲಿಸುವ ನಾವು, ಅವು ಕಥೆಯಲ್ಲಿ ಕೆಲಸ ಮಾಡುವ ಜಾಗವನ್ನು ತೋರಿಸುವುದು ಅಪರೂಪ. ನಿಘಂಟು ಬಳಸಲು ಹೇಳುವ ಮುನ್ನವೂ ಈ ಅಭ್ಯಾಸ ಬೇಕು: ‘ಕಟ್ಟಿಕೊಟ್ಟಳು’ ಎಂಬುದನ್ನು ಹುಡುಕಹೊರಟ ಮಗುವಿಗೆ ಅದು ಯಾವ ನಿಘಂಟಿನಲ್ಲಿಯೂ ಸಿಗುವುದಿಲ್ಲ. ಕಟ್ಟಿ, ಕೊಟ್ಟಳು ಎಂದು ಬಿಡಿಸಿ, ಕೊಟ್ಟಳಿನಿಂದ ಕೊಡುವಿಗೆ, ನಿಂತನಿಂದ ನಿಲ್ಲುವಿಗೆ, ಉಂಡನಿಂದ ಉಣ್ಣುವಿಗೆ ಹಿಂದಿರುಗಿ ಹೋಗುವ ದಾರಿ ತಿಳಿದರೆ ಮಾತ್ರ ನಿಘಂಟು ಅದರ ಕೈಗೆ ದಕ್ಕುತ್ತದೆ.

ಕೊನೆಯದಾಗಿ, ವಲ್ಲಿಯ ಪ್ರಸಂಗ. ದನದ ಸಂತೆಗಳಲ್ಲಿ ಬೆಲೆಯನ್ನು ಬಾಯಿಂದ ಆಡದೆ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ತಿಳಿಸುವ ರೂಢಿಯಿದೆ, ಸುತ್ತ ನಿಂತವರಿಗೆ ವ್ಯಾಪಾರ ಗೊತ್ತಾಗಬಾರದೆಂದು. ಇದು ತಿಳಿಯದವರಿಗೆ ಆ ನಾಲ್ಕು ವಾಕ್ಯಗಳ ಒಂದೊಂದು ಪದವೂ ಅರ್ಥವಾಗುತ್ತದೆ, ಒಟ್ಟು ಏನೂ ಅರ್ಥವಾಗುವುದಿಲ್ಲ. ಒಂದು ತರಗತಿಯಲ್ಲಿ ಚೆನ್ನಾಗಿ ಓದುವ ಮಕ್ಕಳೆಲ್ಲ ಇಲ್ಲಿ ತಡವರಿಸಿದಾಗ, ಅಕ್ಷರ ಕೂಡಿಸಿ ಓದಲು ಒದ್ದಾಡುತ್ತಿದ್ದ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಸರ್, ಅದು ಬೆರಳಿನ ಲೆಕ್ಕ ರೀ, ಒಂದು ಬೆರಳು ಹೆಚ್ಚು ಹಿಡಿದರೆ ರೇಟ್ ಏರಿಸಿದ ಅಂತ’ ಎಂದು ತನ್ನ ಹೆಗಲ ಮೇಲಿನ ಚೀಲವನ್ನು ಗೆಳೆಯನ ಕೈಮೇಲೆ ಹಾಕಿ ತೋರಿಸಿದ. ಅಂದು ಕಥೆಯನ್ನು ಇಡೀ ತರಗತಿಗೆ ಬಿಡಿಸಿಕೊಟ್ಟವನು ಅವನು. 1988ರಲ್ಲಿ ಅಮೆರಿಕದ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿ ನೋಡಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳಿಗಿಂತ ಹೆಚ್ಚು ಗ್ರಹಿಸಿದ್ದರು. ಲೋಕಜ್ಞಾನವೂ ಓದಿನ ಒಂದು ಭಾಗವೆಂದು ಆ ಅಧ್ಯಯನ ಹೇಳುವುದನ್ನು ಆ ಹುಡುಗ ತನ್ನ ಚೀಲದಿಂದ ತೋರಿಸಿದ್ದ. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳೂ ಇರಬಹುದು. ಹಿಗ್ಗಿಗೆ, ಹೊಣೆಗೆ ಅವರ ಮನೆಮಾತಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ, ಅದನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ ಹನ್ನೊಂದು ವರ್ಷ, ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತನಾಡುತ್ತಾಳೆ, ಕಥೆ ಹೇಳಿದರೆ ಕಿವಿಗೊಟ್ಟು ಕೇಳುತ್ತಾಳೆ. ಆದರೆ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಎರಡು ಪುಟದಲ್ಲಿ ಬೇಸತ್ತು ಇಟ್ಟುಬಿಡುತ್ತಾಳೆ. ತಿಳಿಯದ ಪ್ರತಿ ಪದಕ್ಕೂ ಇಂಗ್ಲಿಷ್ ಅರ್ಥ ಹೇಳುತ್ತಾ ಓದಿಸುವುದು ಸರಿಯೆ?

ಉತ್ತರ: ಮಗಳ ತೊಂದರೆ ಪದದ್ದಲ್ಲ, ಲಿಪಿಯದ್ದು ಎಂದು ನಿಮ್ಮ ವಿವರಣೆಯಿಂದಲೇ ತಿಳಿಯುತ್ತದೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದಿನ ಗ್ರಹಿಕೆಯನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಬರಹವನ್ನು ಬಿಡಿಸುವ ಶಕ್ತಿಯನ್ನು ಕೇಳಿ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದು ಗ್ರಹಿಕೆ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಗುಣಿಸುವ ಲೆಕ್ಕದಲ್ಲಿ ಒಂದು ಸೊನ್ನೆಯತ್ತ ಇಳಿದರೆ ಇನ್ನೊಂದು ಎಷ್ಟಿದ್ದರೂ ಫಲ ಕೈಗೆ ಬರುವುದಿಲ್ಲ. ನಿಮ್ಮ ಮಗಳಿಗೆ ಎರಡನೆಯದು ಸಮೃದ್ಧವಾಗಿದೆ. ಮೊದಲನೆಯದಕ್ಕೆ ಸಮಯ ಬೇಕು, ಮತ್ತು ಕನ್ನಡದಲ್ಲಿ ಆ ಸಮಯ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಲೆಕ್ಕದಲ್ಲಿ ಮುಗಿಯುವಂಥದ್ದಲ್ಲ. ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ರೂಪಗಳು ಕಣ್ಣಿಗೆ ಪಳಗಬೇಕು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧವೂ ಅಕ್ಷರಗಳ ಮೇಲಿನ ಹಿಡಿತ ಶಾಲೆಯ ಮೊದಲ ವರ್ಷಗಳನ್ನು ದಾಟಿ ಮುಂದುವರಿಯುತ್ತದೆ ಎಂದು ತೋರಿಸಿತು. ಹನ್ನೊಂದು ವರ್ಷದ ಹುಡುಗಿಗೆ ತನ್ನ ವಯಸ್ಸಿನ ಕಥೆ ಬೇಕು, ಆದರೆ ಕನ್ನಡ ಲಿಪಿಯಲ್ಲಿ ಅವಳ ಕಣ್ಣಿನ ಅಭ್ಯಾಸ ಏಳು ವರ್ಷದವರದ್ದು. ಆದ್ದರಿಂದ ಸುಲಭದ ಪುಸ್ತಕ ಕೊಟ್ಟರೆ ಅವಮಾನ, ವಯಸ್ಸಿಗೆ ತಕ್ಕದ್ದು ಕೊಟ್ಟರೆ ಆಯಾಸ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಜೊತೆಯಾಗಿ ಓದುವುದು. ಪುಸ್ತಕ ಇಬ್ಬರ ನಡುವೆ ಇರಲಿ. ನೀವು ಒಂದು ಪುಟವನ್ನು ಬೆರಳಿಟ್ಟು ಗಟ್ಟಿಯಾಗಿ ಓದಿ, ಮುಂದಿನ ನಾಲ್ಕು ಸಾಲನ್ನು ಅವಳು ಓದಲಿ. ಸಂಭಾಷಣೆ ಬಂದರೆ ಮಗುವಿನ ಪಾತ್ರದ ಮಾತು ಅವಳದು, ದೊಡ್ಡವರ ಮಾತು ನಿಮ್ಮದು. ಅವಳು ತಡವರಿಸಿದರೆ ಮೂರು ಎಣಿಸುವಷ್ಟು ಹೊತ್ತು ಕಾಯಿರಿ, ಆಮೇಲೆ ಪದವನ್ನು ನೀವೇ ಹೇಳಿ ಮುಂದೆ ಸಾಗಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ತಪ್ಪಬಾರದು.

ಪ್ರತಿ ಪದಕ್ಕೂ ನಿಲ್ಲಬೇಡಿ. ಹತ್ತು ಸಲ ನಿಂತ ಕಥೆ ಕಥೆಯಾಗಿ ಉಳಿಯುವುದಿಲ್ಲ. ಒಂದು ಓದಿಗೆ ಎರಡು ಅಥವಾ ಮೂರು ಪದ ಆರಿಸಿಕೊಂಡು, ಓದು ಮುಗಿದ ಮೇಲೆ ಮಾತನಾಡಿ. ವಸ್ತುವಿನ ಹೆಸರಾದರೆ ಇಂಗ್ಲಿಷಿನಲ್ಲಿ ಹೇಳಿದರೂ ಬಾಧಕವಿಲ್ಲ, ಅದು ಅವಳಿಗೆ ತಿಳಿದ ಭಾಷೆಯೇ ತಾನೆ. ಮನಸ್ಸಿನ ಪದಗಳಿಗೆ ಮಾತ್ರ ಇಂಗ್ಲಿಷಿನ ಮೊರೆ ಹೋಗಬೇಡಿ. ಹಿಗ್ಗಿಗೂ, ಖುಷಿಗೂ, ನೆಮ್ಮದಿಗೂ ಆ ಭಾಷೆಯ ಒಂದೇ ಪದ ಹೇಳಿಬಿಟ್ಟರೆ ಮೂರೂ ಕಲೆಸಿಹೋಗುತ್ತವೆ. ಅದರ ಬದಲು ‘ನೀನು ಮೊದಲ ಸಲ ಒಬ್ಬಳೇ ಬಸ್ಸಿನಲ್ಲಿ ಅಜ್ಜಿಯ ಮನೆಗೆ ಹೋದಾಗ ಆಯಿತಲ್ಲ, ಅದು ಹಿಗ್ಗು’ ಎಂದು ಅವಳ ಬದುಕಿನ ಒಂದು ದಿನವನ್ನೇ ಅರ್ಥವಾಗಿ ಕೊಡಿ. ತನ್ನಂಥ ಮಗು ಬೆಳೆಯುವ ಕಥೆಯನ್ನು ಆರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಅಲ್ಲಿನ ಪದಗಳಿಗೆ ಬೇಕಾದ ಉದಾಹರಣೆಗಳು ಓದುವ ಮಗುವಿನಲ್ಲಿಯೇ ಇರುತ್ತವೆ.

ಪ್ರಶ್ನೆ: ಕೊಲ್ಲಿ ದೇಶವೊಂದರಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುತ್ತೇವೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಸಂತೆ, ಕೊಟ್ಟಿಗೆ, ಬುತ್ತಿ ಯಾವುದೂ ಗೊತ್ತಿಲ್ಲ. ಕಥೆಯನ್ನು ಇಲ್ಲಿಯ ಮಾಲ್‌ಗೆ ಬದಲಾಯಿಸಿಕೊಳ್ಳಬಹುದೆ?

ಉತ್ತರ: ಬದಲಾಯಿಸಬೇಡಿ. ಗೊತ್ತಿಲ್ಲದ ಊರಿನ ಕಥೆಯನ್ನು ಇಂಗ್ಲಿಷಿನಲ್ಲಿ ಈ ಮಕ್ಕಳು ದಿನವೂ ಓದಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ, ಕನ್ನಡದಲ್ಲಿಯೂ ಅದು ಅವರಿಂದ ಆಗುತ್ತದೆ. ಓದುವ ಮುಂಚಿನ ವಾರ ಪ್ರತಿ ಮಗುವೂ ಊರಿನಲ್ಲಿರುವ ಅಜ್ಜ ಅಥವಾ ಅಜ್ಜಿಗೆ ಫೋನ್ ಮಾಡಿ ‘ಸಂತೆ ಹೇಗಿರುತ್ತಿತ್ತು?’ ಎಂದು ಕೇಳಿಬರಲಿ. ಮಂಡ್ಯದ ಅಜ್ಜಿಯ ಸಂತೆಯೂ ಧಾರವಾಡದ ಅಜ್ಜನ ಸಂತೆಯೂ ಬೇರೆಬೇರೆ ಪದಗಳೊಂದಿಗೆ ತರಗತಿಗೆ ಬರುತ್ತವೆ. ವಲ್ಲಿಯನ್ನು ಒಬ್ಬರು ಟವೆಲ್ ಎಂದರೆ ಇನ್ನೊಬ್ಬರು ವಸ್ತ್ರ ಎಂದಾರು. ಎಲ್ಲವನ್ನೂ ಬರೆದುಕೊಳ್ಳಿ. ಹಿನ್ನೆಲೆ ಹೀಗೆ ಕೈಗೆ ಸಿಕ್ಕಿದ ಮೇಲೆ ಉಳಿಯುವುದು ಸಾಕಿದ ಪ್ರಾಣಿಯನ್ನು ಬಿಟ್ಟುಕೊಟ್ಟ ಒಬ್ಬ ಹುಡುಗ, ಅವನನ್ನು ಅರಿಯಲು ಕೊಟ್ಟಿಗೆ ನೋಡಿರಲೇಬೇಕೆಂದಿಲ್ಲ.

ಪ್ರಶ್ನೆ: ಪ್ರೌಢಶಾಲೆಯ ಕನ್ನಡ ಶಿಕ್ಷಕ. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದರೆ ಮಕ್ಕಳು ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ ಆ ಸಾಲನ್ನು ಹಾಗೆಯೇ ನಕಲು ಮಾಡುತ್ತಾರೆ. ಗ್ರಹಿಕೆಯನ್ನು ನಿಜವಾಗಿ ಅಳೆಯುವ ಪ್ರಶ್ನೆ ಹೇಗಿರಬೇಕು?

ಉತ್ತರ: ನಕಲು ಮಾಡಿದರೆ ಅಂಕ ಸಿಗುವ ಪ್ರಶ್ನೆಯನ್ನು ನಾವೇ ಕೇಳುತ್ತಿದ್ದೇವೆ. ‘ದಲ್ಲಾಳಿ ಬಸವನ ಕೈಮೇಲೆ ಏನು ಹಾಕಿದ?’ ಎಂಬ ಪ್ರಶ್ನೆಗೆ ವಲ್ಲಿ ಎಂದರೇನೆಂದು ತಿಳಿಯದ ಮಗುವೂ ಸರಿಯಾದ ಉತ್ತರ ಬರೆಯುತ್ತದೆ. ಅಂಥದ್ದು ಒಂದಿರಲಿ, ತೀರ ಹಿಂದುಳಿದ ಮಗುವಿಗೆ ಬಾಗಿಲು ತೆರೆಯಲು. ಉಳಿದ ಪ್ರಶ್ನೆಗಳ ಉತ್ತರ ಒಂದು ಸಾಲಿನಲ್ಲಿ ಇರಬಾರದು, ಎರಡು ಸಾಲುಗಳ ನಡುವೆ ಇರಬೇಕು. ‘ಮಾವ ಬೇರೆ ಕಡೆ ಏಕೆ ನೋಡುತ್ತಿದ್ದ?’ ಎಂದು ಕೇಳಿ. ಅವನಿಗೆ ಲಕ್ಷ್ಯವಿರಲಿಲ್ಲ ಎನ್ನುವವರಿರುತ್ತಾರೆ, ಹುಡುಗನೇ ನಿರ್ಧರಿಸಲಿ ಎಂದು ಬೇಕೆಂದೇ ಮುಖ ತಿರುಗಿಸಿದ ಎನ್ನುವವರಿರುತ್ತಾರೆ. ಆಧಾರ ಕೊಟ್ಟರೆ ಎರಡಕ್ಕೂ ಅಂಕ ಕೊಡಿ.

ಪ್ರಶ್ನೆ ಮಾಡುವ ಕೆಲಸವನ್ನು ಮಕ್ಕಳಿಗೂ ಬಿಟ್ಟುಕೊಡಿ. ಆನೆಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವಿವರಿಸಿದ ಪದ್ಧತಿಯಲ್ಲಿ ಮಕ್ಕಳೇ ಸರದಿಯಂತೆ ಶಿಕ್ಷಕರ ಜಾಗದಲ್ಲಿ ಕೂತು ಮುಂದೇನಾಗಬಹುದೆಂದು ಊಹಿಸುವುದು, ಪ್ರಶ್ನೆ ಕೇಳುವುದು, ತೊಡಕು ಬಿಡಿಸುವುದು, ಸಾರ ಹೇಳುವುದು ಇವನ್ನು ನಡೆಸುತ್ತಾರೆ. ನಲವತ್ತು ನಿಮಿಷದ ಅವಧಿಯಲ್ಲಿ ನಾಲ್ಕನ್ನೂ ಮಾಡಲಾಗದಿದ್ದರೆ ಪ್ರಶ್ನೆ ಕೇಳುವುದೊಂದನ್ನು ಮಾಡಿಸಿದರೂ ಸಾಕು. ಒಳ್ಳೆಯ ಪ್ರಶ್ನೆ ಹಾಕಬೇಕಾದರೆ ಮಗು ಕಥೆಯನ್ನು ಮತ್ತೊಮ್ಮೆ ಓದಲೇಬೇಕು.

ಒಂದು ಪ್ರಶ್ನೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ: ‘ಈ ಕಥೆಯ ನೀತಿ ಏನು?’ ಅದು ಬಂತೆಂದರೆ ಮಕ್ಕಳು ಕಥೆಯನ್ನು ಮಡಿಚಿಟ್ಟು, ತಂದೆತಾಯಿಯ ಮಾತು ಕೇಳಬೇಕು ಎಂದು ಬರೆದು ಮುಗಿಸುತ್ತಾರೆ. ಹಾಗೆಯೇ ‘ನಿಮ್ಮ ಮನೆಯಲ್ಲಿ ಹೀಗಾಗಿದೆಯೆ?’ ಎಂದು ಎಲ್ಲರ ಮುಂದೆ ಕೇಳಬೇಡಿ. ಅಪ್ಪ ಹಾಸಿಗೆ ಹಿಡಿದಿರುವ ಮಗು ನಿಮ್ಮ ಮುಂದೆಯೇ ಕೂತಿರಬಹುದು. ಅಂಥ ಮಗು ಬರೆಯಲು ಬಯಸಿದರೆ ನಿಮಗೊಬ್ಬರಿಗೇ ತೋರಿಸುವ ಪುಟದಲ್ಲಿ ಬರೆಯಲಿ, ಅದಕ್ಕೆ ಅಂಕ ಬೇಡ.

ನನ್ನ ಪ್ರಶ್ನೆಪತ್ರಿಕೆಯಲ್ಲಿ ಕೊನೆಗೆ ‘ಬಸವ ಹಗ್ಗವನ್ನು ಗೂಟಕ್ಕೆ ಏಕೆ ಸುತ್ತಿದ?’ ಎಂದಿರುತ್ತದೆ. ‘ಇನ್ನೊಂದು ಕರು ತರುತ್ತಾರೆ’ ಎಂದು ಒಬ್ಬ ಬರೆದ, ‘ಎಸೆಯಲು ಮನಸ್ಸು ಬರಲಿಲ್ಲ’ ಎಂದು ಒಬ್ಬಳು ಬರೆದಳು. ಇಬ್ಬರಿಗೂ ಪೂರ್ಣ ಅಂಕ ಕೊಟ್ಟೆ. ‘ಹಗ್ಗ ಉದ್ದವಾಗಿತ್ತು’ ಎಂದು ಬರೆದವನ ಉತ್ತರವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕದೆ, ಅವನನ್ನು ಹತ್ತಿರ ಕೂರಿಸಿಕೊಂಡು, ಹಗ್ಗ ಎಂಬ ಪದ ಬರುವ ಸಾಲುಗಳನ್ನೆಲ್ಲ ಮೊದಲಿನಿಂದ ಒಂದೊಂದಾಗಿ ಓದಿಸಿದೆ. ಮುದುಕ ಹಳೆಯ ಹಗ್ಗವನ್ನು ಕೈಗಿಟ್ಟ ಸಾಲಿಗೆ ಬಂದಾಗ ಅವನು ಓದುವುದನ್ನು ನಿಲ್ಲಿಸಿ, ಪೆನ್ಸಿಲ್ ಕೇಳಿ ಪಡೆದು, ತನ್ನ ಉತ್ತರವನ್ನು ತಾನೇ ತಿದ್ದಿಕೊಂಡ.